ಸೊಸೆಗೆ ಕಳಿಸಿದ ನಾಲ್ಕು ಚುಕ್ಕಿ

ಈ ಭೂಮಂಡಲದಲ್ಲಿ ಪೂರ್ಣವಿರಾಮದ ಮಾನ ಕಾಯುವ ಗಂಡಸು ಒಬ್ಬನೇ ಒಬ್ಬ ಉಳಿದಿದ್ದರೂ ಅವನು ಹೊಸಪೇಟೆ ಚಿತ್ತವಾಡ್ಗಿಯ ಕೊಟ್ರಬಸಪ್ಪನೇ ಆಗಿರಬೇಕು, ಅಂದರೆ ನಾನೇ ಆಗಿರಬೇಕು ಎಂದು ತೀರ್ಮಾನಿಸಿಬಿಟ್ಟಿದ್ದೆ! ಮೂವತ್ತಾರು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವನು ನಾನು. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ರೈಸ್ ಮಿಲ್ಲುಗಳ ಬಿಲ್ ಬುಕ್ಕು, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಚುಕ್ಕಿ ನೆಲಕ್ಕೆ ಬಿದ್ದರೆ ಫ್ಯಾನು ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ಮೊಣಕಾಲೂರಿ ಹುಡುಕುತ್ತಿದ್ದೆ. ಚುಕ್ಕಿ ಇಲ್ಲದ ವಾಕ್ಯವೊಂದು ನನ್ನ ಪ್ರೆಸ್ಸಿನಿಂದ ಹೊರಗೆ ಹೋದದ್ದನ್ನು ಯಾರಾದರೂ ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಈಗಲೂ ಸವಾಲು ಹಾಕುತ್ತೇನೆ.

"ಮೊದ್ಲು ಮೀಸಿ ಬೆಳಸ್ರಿ" ಎನ್ನುತ್ತಾಳೆ ಹೆಂಡತಿ ಜಂಬಮ್ಮ.

ಪ್ರೆಸ್ಸು ಮುಚ್ಚಿ ಕೈಗೆ ಸ್ಮಾರ್ಟ್‌ಫೋನ್ ಬಂದಾಗಲೇ ನನಗೆ ಜಗತ್ತಿನ ದುಃಸ್ಥಿತಿ ಗೊತ್ತಾದದ್ದು. ಒಬ್ಬರಾದರೂ ವಾಕ್ಯ ಮುಗಿಸುವುದಿಲ್ಲ! ಸಂಡೂರಿನ ಮೈನ್ಸ್ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಮಗ ಮನೋಹರ ಒಂದು ದಿನ ಬರೆದ: "ಅಪ್ಪ ಲೇಟಾಗ್ತದೆ ಊಟ ಮಾಡ್ರಿ ಚಾವಿ ಒಯ್ದೀನಿ ಗ್ಯಾಸಿನವ ಬಂದಿದ್ನಾ". ನಾನು ಅದಕ್ಕೆ ಎಲ್ಲೆಲ್ಲಿ ಏನೇನು ಬೇಕೋ ಇಟ್ಟು, ಪ್ರೂಫ್ ತಿದ್ದಿದ ಹಾಗೆ ತಿದ್ದಿ ವಾಪಸ್ ಕಳಿಸಿದೆ. ಗ್ಯಾಸಿನವನು ಬಂದಿದ್ದನೋ ಇಲ್ಲವೋ ಎಂಬುದನ್ನು ತಿಳಿಸಲು ಮರೆತೆ. ಇರಲಿ, ನನ್ನ ಮಟ್ಟಿಗೆ ಅದು ಮುಖ್ಯ ವಿಷಯವಾಗಿರಲಿಲ್ಲ.

ಮುಖ್ಯ ವಿಷಯ ಬೇರೆ ಇತ್ತು. ನನ್ನ ಮೊಮ್ಮಗಳು!

ಸೊಸೆ ಸೌಜನ್ಯಳ ತವರು ಕಂಪ್ಲಿ ತಾಲೂಕಿನ ಮೆಟ್ರಿ. ಹೆರಿಗೆಗೆ ಹೋದವಳು ಬಾಣಂತನ ಮುಗಿಸಿ ಬರುವುದಿತ್ತು. ಹೆಸರಿಡುವ ದಿನ ಮೊಮ್ಮಗಳನ್ನು ಅರ್ಧ ಗಂಟೆ ನೋಡಿದ್ದೆ. ಆ ಅರ್ಧ ಗಂಟೆಯೂ ಅವಳು ನಿದ್ದೆಯಲ್ಲಿದ್ದಳು. ಅಂದಿನಿಂದ ಅವಳು ಮನೆಗೆ ಬರುವುದನ್ನೇ ಕಾಯುತ್ತಿದ್ದೆ. ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದು ಬೆಸ ತಿಂಗಳಲ್ಲೇ. ಮಗುವಿಗೆ ಐದನೇ ತಿಂಗಳು ನಡೆಯುತ್ತಿತ್ತು, ಬುಧವಾರ ಆರು ಹಿಡಿಯುತ್ತಿತ್ತು. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುವಂತಿಲ್ಲ. ಹಾಗಾಗಿ ಕಳಿಸಲು ಕೊನೆಯ ದಿನ ಸೋಮವಾರ. ಅದು ತಪ್ಪಿದರೆ ಏಳನೇ ತಿಂಗಳವರೆಗೆ ನಾನು ಫೋಟೋ ನೋಡಿಕೊಂಡೇ ಇರಬೇಕು.

ಅಟ್ಟದ ಮೇಲೆ ನಮ್ಮ ಮನೆಯ ಹಳೆಯ ತೇಗದ ತೊಟ್ಟಿಲು ಇತ್ತು. ನಾನು ತೂಗಿಸಿಕೊಂಡದ್ದೂ ಅದರಲ್ಲೇ, ಮನೋಹರನೂ ಅದರಲ್ಲೇ. ಯಾರಿಗೂ ಹೇಳದೆ ಅದನ್ನು ಕೆಳಗಿಳಿಸಿ ಮೂರು ವಾರ ಉಪ್ಪುಕಾಗದದಿಂದ ಉಜ್ಜಿದೆ, ವಾರ್ನಿಶ್ ಹೊಡೆದೆ, ನಾಲ್ಕು ಮೂಲೆಯ ಗಿಳಿಗಳಿಗೆ ಹಸಿರು ಬಣ್ಣ ಹಚ್ಚಿದೆ. ಜಂಬಮ್ಮ ಇವು ಗಿಳಿಯಲ್ಲ, ಕಪ್ಪೆ ಎಂದಳು. ನಾನು ಕೊಕ್ಕುಗಳಿಗೆ ಕೆಂಪು ಹಚ್ಚಿದೆ.

ಗುರುವಾರ ಬೆಳಿಗ್ಗೆ ಸೌಜನ್ಯಳ ಮೆಸೇಜು ಬಂತು: "ಮಾವಾರ ಸೋಮವಾರ ಬರೋಣ ಅಂತ ಮಾಡೀವಿ ಅಪ್ಪ ಹೊಸಾ ತೊಟ್ಲ ಮಾಡಿಸ್ಯಾರ ಅದನ್ನೂ ತರ್ತೀವಿ ಆಗಬಹುದಾ". ಕೊನೆಯಲ್ಲಿ ಐದು ನಗುವ ಮುಖಗಳು.

ನಾನು ಬರೆದೆ: "ಸರಿ. ಬನ್ನಿ."

ಎಂಥ ಶುದ್ಧ ವಾಕ್ಯಗಳು! ಎರಡು ಮಾತು, ಎರಡು ಚುಕ್ಕಿ. ಅರ್ಧ ಗಂಟೆ ಬಿಟ್ಟು ಅವಳು ಕೇಳಿದಳು: "ಮಾವಾರ ಬ್ಯಾಸರಾತಾ". ಈ ಸಲ ಒಂದೂ ಮುಖ ಇರಲಿಲ್ಲ.

"ಇಲ್ಲ." ಎಂದು ಬರೆದೆ.

"ತೊಟ್ಲದ್ದು ಏನರ".

"ಏನೂ ಇಲ್ಲ." ಎಂದು ಬರೆದು, ವಿಷಯ ಇತ್ಯರ್ಥವಾಯಿತೆಂದು ಚಹಾ ಕುಡಿದೆ.

ಶನಿವಾರ ಮನೋಹರ ಸಂಡೂರಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅಪ್ಪಾ, ಸೌಜನ್ಯಾಗ ಏನಂತ ಬರದೀಯಪ್ಪಾ? ಎರಡು ದಿನದಿಂದ ಅಳಾಕತ್ಯಾಳ! ಸೋಮವಾರ ಬರಂಗಿಲ್ಲಂತ. ಮಾವಾರ ಸಿಟ್ಟು ಇಳೀಲಿ, ಏಳನೇ ತಿಂಗಳಿಗೆ ಬರ್ತೀನಿ ಅಂತಾಳ."

"ಯಾವ ಸಿಟ್ಟು?"

"ಸರಿ ಅಂತ ಬರದು ಚುಕ್ಕಿ ಇಟ್ಟೀಯಲ್ಲ!"

"ವಾಕ್ಯ ಮುಗೀತು, ಚುಕ್ಕಿ ಇಟ್ಟೆ. ಇನ್ನೇನು ಅದಕ್ಕ ಗಂಧ, ಕುಂಕುಮ ಇಡ್ಲೇನು?"

"ಈಗಿನವ್ರು ಹಂಗ ಓದಂಗಿಲ್ಲಪ್ಪ. ಮೆಸೇಜಿನ್ಯಾಗ ಫುಲ್ ಸ್ಟಾಪ್ ಇಟ್ರ, ಸಾಕು, ಇನ್ನ ನಿನ್ನ ಜೋಡಿ ಮಾತಿಲ್ಲ ಅಂದಂಗ. ನೀನು ಒಂದಲ್ಲ, ನಾಲ್ಕು ಇಟ್ಟೀ!"

ನಾನು ಎದ್ದು ನಿಂತು ಪೂರ್ಣವಿರಾಮದ ಇತಿಹಾಸ, ಉಪಯೋಗ ಮತ್ತು ನಿರಪರಾಧಿತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಮನೋಹರ ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ.

ಇಲ್ಲಿ ಓದುಗರಿಗೆ ಮಾತ್ರ ಒಂದು ಮಾತು ಒಪ್ಪಿಸುತ್ತೇನೆ. ಹೊಸ ತೊಟ್ಟಿಲು ಎಂದು ಓದಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು. ತವರಿನವರು ತೊಟ್ಟಿಲು ಕೊಟ್ಟು ಕಳಿಸುವುದು ಪದ್ಧತಿ, ಅವರದೇನೂ ತಪ್ಪಿಲ್ಲ. ಆದರೂ ಮೂರು ವಾರ ಉಜ್ಜಿದ ಕೈ ನನ್ನದು. ಇದನ್ನು ಮಗನೆದುರು ಹೇಳಿದರೆ ನನ್ನ ಚುಕ್ಕಿಯ ಕೇಸು ಬಿದ್ದುಹೋಗುತ್ತಿತ್ತು, ಹಾಗಾಗಿ ಹೇಳಲಿಲ್ಲ.

"ಸುಮ್ನ ಒಂದು ಫೋನ್ ಹಚ್ರಿ. ಬಾರವ್ವ ಅಂದ್ರ ಬರ್ತಾಳ" ಎಂದಳು ಜಂಬಮ್ಮ.

"ಬರಹದಾಗ ಆದ ತಪ್ಪು ಬರಹದಾಗ ತಿದ್ದಬೇಕು. ಇದು ಪ್ರೆಸ್ಸಿನ ಧರ್ಮ!"

"ಪ್ರೆಸ್ಸಿಗೆ ಬೀಗ ಹಾಕಿ ಆರು ವರ್ಷಾತು. ಧರ್ಮ ಇನ್ನಾ ಒಳಗ ಐತೇನು?"

ನಾನು ಸೋಲುವವನಲ್ಲ. ಹೊಸ ಕಾಲದ ಶೈಲಿಯೇ ಬೇಕೆಂದರೆ ಅದರಲ್ಲೂ ಪಂಡಿತನಾಗಿ ತೋರಿಸುತ್ತೇನೆ ಎಂದು ಭಾನುವಾರ ಮನೋಹರನಿಂದ ಪಾಠ ಹೇಳಿಸಿಕೊಂಡೆ. ಚುಕ್ಕಿ ಬಿಡಬೇಕು. ಆಶ್ಚರ್ಯಸೂಚಕ ಧಾರಾಳವಾಗಿ ಇಡಬೇಕು, ಅದರಿಂದ ಪ್ರೀತಿ ಉಕ್ಕುತ್ತದಂತೆ. ಕೊನೆಗೆ ಒಂದೆರಡು ಚಿತ್ರ. ಸಮಾಧಾನದ ಮಾತು ನೇರ ಬೀಗರಿಗೇ ಹೋದರೆ ಗೌರವ ಎಂದು ಸೌಜನ್ಯಳ ಅಪ್ಪ ಎರ್ರಿಯಪ್ಪನವರಿಗೆ ಬರೆದೆ. ತೊಟ್ಟಿಲು, ಸೀರೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಪ್ರೀತಿಯಿಂದ ಬಂದುಬಿಡಿ ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಬರೆದದ್ದು ಹೀಗೆ:

"ಬೀಗರೇ!! ತಡ ಮಾಡಬೇಡಿ!!! ಏನೂ ತರಬೇಡಿ!!!! ಇದ್ದ ಹಾಗೇ ಹೊರಟು ಬನ್ನಿ!!!!! ಎಲ್ಲರೂ ಬನ್ನಿ!!!!!!"

ಕೆಳಗೆ ಕೈ ಮುಗಿದ ಚಿತ್ರ ಮೂರು, ಹೂವಿನ ಗುಚ್ಛ ಒಂದು. ಮನೋಹರ ನೋಡಲಿ ಎಂದರೆ ಅವನು ಮಲಗಿದ್ದ. ಕಳಿಸಿಬಿಟ್ಟೆ. ಎರಡು ನೀಲಿ ಗೆರೆ ಬಂತು, ಓದಿದರು! ಇನ್ನು ಈ ಬೆರಳುಗಳಿಂದ ಹೊಸ ಅನಾಹುತ ಬೇಡವೆಂದು ಫೋನನ್ನೇ ಆಫ್ ಮಾಡಿಟ್ಟೆ. ಮನೋಹರ ರಾತ್ರಿ ಸೌಜನ್ಯಳಿಗೆ ಫೋನ್ ಮಾಡಿದಾಗಲೂ ಅವಳು ಬರುವುದಿಲ್ಲವೆಂದೇ ಅಂದಳಂತೆ. "ಅವರಪ್ಪ ಒಪ್ಪಿಸ್ತಾರ ಬಿಡು" ಎಂದು ನಕ್ಕೆ.

ಇಲ್ಲಿ ಎರ್ರಿಯಪ್ಪನವರ ಬಗ್ಗೆ ಒಂದು ಮಾತು. ಅವರು ಹೊಲಮನೆ ನೋಡಿಕೊಳ್ಳುತ್ತಲೇ ಮೂವತ್ತು ವರ್ಷ ಅಂಚೆ ಕಚೇರಿ ನಡೆಸಿದ ಪೋಸ್ಟ್ ಮಾಸ್ತರು. ಊರಿಗೆ ಬಂದ ತಂತಿಗಳನ್ನೆಲ್ಲ ಮನೆ ಮನೆಗೆ ಓದಿ ಹೇಳಿದವರು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಸೋಮವಾರ ಬೆಳಿಗ್ಗೆ ಬಾಗಿಲಿಗೆ ತೋರಣ ಕಟ್ಟಿದೆವು. ಜಂಬಮ್ಮ ಹೋಳಿಗೆ ಮಾಡಿ ಆರತಿ ತಟ್ಟೆ ಸಿದ್ಧಮಾಡಿದಳು. ನಾನು ಹೊಸ ಪಂಚೆ ಉಟ್ಟು ಕಟ್ಟೆಯ ಮೇಲೆ ಕುಳಿತೆ. ಹನ್ನೊಂದಕ್ಕೆ ಟೆಂಪೋ ಬಂತು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು! ಎರ್ರಿಯಪ್ಪ, ಬೀಗತಿ ರೇಣುಕಮ್ಮ, ಅಣ್ಣ ತಮ್ಮಂದಿರು, ಅವರ ಹೆಂಡಂದಿರು, ಒಟ್ಟು ಹದಿನಾಲ್ಕು ಜನ. ಹೆಣ್ಣುಮಕ್ಕಳ ಕಣ್ಣೆಲ್ಲ ಕೆಂಪು. ಸೌಜನ್ಯ ಇಲ್ಲ. ಕೂಸೂ ಇಲ್ಲ.

ಎರ್ರಿಯಪ್ಪ ನನ್ನನ್ನು ನೋಡಿ ಗಕ್ಕನೆ ನಿಂತರು.

"ನೀವು... ಅದೀರೇನ್ರಿ?"

"ಅದೀನಿ. ಯಾಕ್ರಿ?"

ನಾನಿದ್ದೇನೆ ಎಂದು ಖಾತ್ರಿಯಾದ ಕೂಡಲೇ ರೇಣುಕಮ್ಮ ಎದೆ ಬಡಿದುಕೊಂಡರು. "ಅಯ್ಯೋ ಶಿವನೇ, ಹಂಗಾರ ನಮ್ಮ ಬೀಗತಿ ಹೋದ್ಲಾ! ಬಂಗಾರದಂಥ ಹೆಂಗಸು!"

ಬಂಗಾರದಂಥ ಹೆಂಗಸು ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಅವಳ ಹಿಂದೆ ಮನೋಹರ ಹೋಳಿಗೆ ತಿನ್ನುತ್ತಾ ಬಂದ. ಎರ್ರಿಯಪ್ಪ ಮೂವರನ್ನೂ ಎರಡು ಸಲ ನೋಡಿದರು.

"ಮತ್ತ ಯಾರ್ರೀ?" ಎಂದರು. ಅವರ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತೆಂದು ನನ್ನ ಗುಮಾನಿ.

ಅವರು ತಮ್ಮ ಫೋನು ತೆಗೆದು ನನ್ನ ಮೆಸೇಜನ್ನು ನನಗೇ ತೋರಿಸಿದರು. "ನನ್ನ ಸರ್ವಿಸಿನ್ಯಾಗ ಇಷ್ಟು ಅವಸರದ ಸುದ್ದಿ ಒಂದೂ ಒಳ್ಳೇದು ಬಂದಿಲ್ರಿ. ಮ್ಯಾಲೆ ಈ ಕೈ ಮುಗಿಯೋ ಚಿತ್ರ! ಈ ಹೂವು! ನಮ್ಮೂರ ಗ್ರೂಪಿನ್ಯಾಗ ಯಾರರ ಹೋದ್ರನ ಇವು ಬರೋದು. ಫೋನ್ ಹಚ್ಚಿದ್ರ ನಿಮ್ದು ಸ್ವಿಚ್ ಆಫ್. ಅಳಿಯಗ ಕೇಳಾಕ ಧೈರ್ಯ ಆಗಲಿಲ್ಲ. ಮುಗೀತು ಅಂತ, ಬೆಳಿಗ್ಗಿ ಗಾಡಿ ಸಿಕ್ಕ ಕೂಡ್ಲೆ ಬಂದೀವಿ."

"ನಮ್ಮ ಸೌಜನ್ಯ?"

"ಬಾಣಂತಿಗೆ ಇಂಥ ಸುದ್ದಿ ಹೇಳ್ತಾರೇನ್ರಿ? ಎಳೇ ಕೂಸು ಕರ್ಕಂಡು ಇಂಥಾ ಮನಿಗೆ ಬರ್ತಾರೇನ್ರಿ? ಗಂಗಾವತಿಗೆ ಸೀರಿ ತರಾಕ ಹೊಂಟೀವಿ ಅಂತ ಹೇಳಿ ಬಂದೀವಿ."

ಹದಿನಾಲ್ಕು ಜನ ಸೀರೆ ತರಲು ಹೋಗುವುದನ್ನು ನನ್ನ ಸೊಸೆ ನಂಬಿದ್ದಳು! ಆದರೆ ನನ್ನ 'ಇಲ್ಲ' ಎಂಬುದನ್ನು ಮಾತ್ರ ನಂಬಿರಲಿಲ್ಲ. ಟೆಂಪೋದಿಂದ ಬುಟ್ಟಿಗಳು ಇಳಿದವು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬೀಗರು ರೊಟ್ಟಿ, ಪುಂಡಿಪಲ್ಲೆ, ಅನ್ನ, ಸಾರು ಕಟ್ಟಿಕೊಂಡೇ ಬಂದಿದ್ದರು. ನಾವು ಬದುಕಿರುವುದು ಹದಿನಾಲ್ಕು ಮಂದಿಗೂ ಮನವರಿಕೆಯಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ರೇಣುಕಮ್ಮ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ನನಗೆ ನಗು ಬರಲಿಲ್ಲ. ಸೋಮವಾರ ಅರ್ಧ ಕರಗಿತ್ತು. ಮೆಟ್ರಿಯಲ್ಲಿ ಮೊಮ್ಮಗಳು, ಇಲ್ಲಿ ಅವಳನ್ನು ಕಳಿಸಿಕೊಡಬೇಕಾದವರೆಲ್ಲ ಸಾಲಾಗಿ ಕುಳಿತು ಹೋಳಿಗೆ ತಿನ್ನುತ್ತಿದ್ದರು.

ಜಂಬಮ್ಮ ಕೈ ಒರೆಸಿಕೊಂಡು ತನ್ನ ಹಳೆಯ ಗುಂಡಿ ಫೋನು ತೆಗೆದು ಸೌಜನ್ಯಳಿಗೆ ಹಚ್ಚಿದಳು.

"ತಂಗೀ, ನಿಮ್ಮಪ್ಪ ಅವ್ವ ಇಲ್ಲೇ ಅದಾರ. ಸೀರಿ ಇಲ್ಲ, ಏನಿಲ್ಲ. ಮನೋಹರ ಬರ್ತಾನ, ಕೂಸಿನ್ನ ಎತ್ಕಂಡು ಬಾರವ್ವ. ನಿಮ್ಮ ಮಾವಾರು ನಿನ್ನೆಯಿಂದ ಉಂಡಿಲ್ಲ."

ನಾನು ಎರಡು ಹೊತ್ತೂ ಚೆನ್ನಾಗಿಯೇ ಉಂಡಿದ್ದೆ. ಮಾತು ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮನೋಹರ ಅದೇ ಟೆಂಪೋದಲ್ಲಿ ಮೆಟ್ರಿಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಇನ್ನೂ ಸ್ವಲ್ಪವಿದೆ ಎನ್ನುವಾಗ ತಿರುಗಿ ಬಂದ. ಸೌಜನ್ಯ ಇಳಿದಳು, ಕೂಸು ಇಳಿಯಿತು, ಹೊಸ ತೊಟ್ಟಿಲೂ ಇಳಿಯಿತು. ಜಂಬಮ್ಮ ಆರತಿ ಎತ್ತಿದಳು. ಒಳಗೆ ಬಂದ ಸೌಜನ್ಯ ನಡುಮನೆಯಲ್ಲಿದ್ದ ಹಳೆಯ ತೊಟ್ಟಿಲನ್ನು ನೋಡಿದಳು, ಹಸಿರು ಗಿಳಿಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಮಾವಾರ, ತೊಟ್ಲದ ಸಲುವಾಗಿ ನಿಮಗ ಬ್ಯಾಸರ ಆಗಿತ್ತಲ್ರಿ?"

"ಇಲ್ಲ" ಎಂದೆ.

"ಅತ್ತೀ, ಕೇಳಿದ್ರಾ?"

"ಕೇಳಿದೆ ತಂಗಿ. ಮೂವತ್ತೈದು ವರ್ಷದಿಂದ ಕೇಳಾಕತ್ತೀನಿ. ಇವ್ರು ಬಾಯಿಲೆ ಹೇಳಿದ್ರೂ ಚುಕ್ಕಿ ಕೇಳಿಸ್ತೈತಿ."

ಹದಿನಾಲ್ಕು ಜನ ಬೀಗರು ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಹೌದವ್ವ ಆಗಿತ್ತು ಭಾಳ ಆಗಿತ್ತು ಮೂರು ವಾರ ಉಜ್ಜೀನಿ ಮೊಣಕೈ ಇನ್ನಾ ನೋಯ್ತಾವ ಮನೋಹರನೂ ಇದ್ರಾಗ ಮಲಗ್ಯಾನ ನಿಮ್ಮಪ್ಪಾರ ತೊಟ್ಲನೂ ಚಲೋ ಐತಿ ನಾನು ಬ್ಯಾಡ ಅನ್ನಂಗಿಲ್ಲ ಆದ್ರ ಕೂಸು ಒಂದು ಸಲನರ ಇದ್ರಾಗ ಮಲಗ್ಲಿ ಅಂತ ಆಸಿ ಇತ್ತು ಅಷ್ಟ ನೋಡವ್ವ" ಎಂದು ಉಸಿರು ಬಿಡದೆ ಹೇಳಿ ಮುಗಿಸಿದೆ. ಜೀವಮಾನದಲ್ಲಿ ನಡುವೆ ಎಲ್ಲೂ ನಿಲ್ಲದೆ ನಾನು ಆಡಿದ ಮೊದಲ ಮಾತು ಅದು.

ಸೌಜನ್ಯ ಬಗ್ಗಿ, ಕೂಸನ್ನು ಹಳೆಯ ತೊಟ್ಟಿಲಲ್ಲಿ ಮಲಗಿಸಿದಳು. ಮೊಮ್ಮಗಳು ಎಚ್ಚರವಾಗಿದ್ದಳು! ನನ್ನನ್ನೇ ನೋಡಿದಳು. ಸೌಜನ್ಯ ತೊಟ್ಟಿಲ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.

"ಸರಿ" ಎಂದಳು.

ಅಷ್ಟೇ. ಮುಂದೆ ಒಂದಕ್ಷರವಿಲ್ಲ.

"ಯಾಕವ್ವಾ," ಎಂದೆ, "ಸಿಟ್ಟು ಬಂತೇನು?"