ಅಥಣಿಯ ಪರಾತ ಮತ್ತು ನನ್ನ ಮೈನಸ್

ಕಳ್ಳರನ್ನಾದರೂ ಕ್ಷಮಿಸಿಬಿಡುತ್ತೇನೆ, ತಿದ್ದುವವರನ್ನು ಕ್ಷಮಿಸುವುದು ನನ್ನಿಂದಾಗದು. ಕೇಳದೆ ಹೇಳದೆ ಇನ್ನೊಬ್ಬರ ವಸ್ತುವಿಗೆ ಕೈಹಚ್ಚಿ, ಅದನ್ನು 'ಸರಿ' ಮಾಡಿ, ಮೇಲೊಂದು ನಗೆ ಬೀರುವ ಜನ ಇವರು. ರಾಯಬಾಗದ ಬಸ್ಸಿನಲ್ಲಿ ನಾನು ಗಾಳಿಗೆಂದು ತೆರೆದ ಕಿಟಕಿಯನ್ನು ನನ್ನ ಮೇಲಿಂದ ಕೈ ಚಾಚಿ ಮುಚ್ಚುವವರು, ಸಕ್ಕರೆ ಬೇಡವೆಂದರೂ ನನ್ನ ಚಹಾಕ್ಕೆ ಇನ್ನೊಂದು ಚಮಚ ಸುರಿಯುವವರು. ಕಬ್ಬಿನ ಸೀಮೆಯಲ್ಲಿ ಇಂಥವರಿಗೆ ಬರವಿಲ್ಲ. ಆದರೆ ನಮ್ಮ ಪ್ರಿನ್ಸಿಪಾಲರು ಮೊನ್ನೆ ತಿದ್ದಿದ್ದು ಕಿಟಕಿಯನ್ನಲ್ಲ, ಬ್ರಹ್ಮಾಂಡವನ್ನು.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎಲೆಕ್ಟ್ರಾನಿನಂಥ ಕಣಕ್ಕೆ ದ್ರವ್ಯರಾಶಿ ಹೇಗೆ ಬಂತು ಎಂಬುದನ್ನು ಒಮ್ಮೆಯಾದರೂ ಹುಡುಗರಿಗೆ ಅರ್ಥವಾಗುವಂತೆ ಹೇಳಿಯೇ ಸಾಯಬೇಕೆಂಬುದು ನನ್ನ ಬಹಳ ದಿನದ ಆಸೆ. ಕಣಗಳ ಸಿದ್ಧಾಂತದಲ್ಲಿ, ಎಲ್ಲೆಲ್ಲೂ ತುಂಬಿರುವ ಒಂದು ಕ್ಷೇತ್ರದ ಶಕ್ತಿಯನ್ನು ಹೇಳುವ ಉದ್ದನೆಯ ಸೂತ್ರವಿದೆ, ಅದರಲ್ಲಿ 'ಮಾಸ್ ಟರ್ಮ್' ಎಂಬ ಒಂದು ತುಂಡು. ತುಂಡಿನ ಹಿಂದೆ ಪ್ಲಸ್ ಇದ್ದರೆ ಸುಲಭ: ಆ ಕ್ಷೇತ್ರ ತಗ್ಗಿನ ನಡುವೆ ಸುಮ್ಮನೆ ಕೂತಿದೆ, ಅಲುಗಿಸಲು ಎಷ್ಟು ಕಷ್ಟವೋ ಅದೇ ಅದರ ಕಣದ ದ್ರವ್ಯರಾಶಿ. ಮೈನಸ್ ಇದ್ದರೆ ತೂಕ ಸೊನ್ನೆಗಿಂತ ಕಡಿಮೆ ಎಂದಲ್ಲ. ನೀವು ನಡು ಎಂದುಕೊಂಡ ಜಾಗ ತಗ್ಗಲ್ಲ, ದಿಬ್ಬ ಎಂದರ್ಥ. ಕ್ಷೇತ್ರ ಅಲ್ಲಿ ನಿಲ್ಲದು, ಜಾರಿ ಪಕ್ಕದ ತಗ್ಗಿಗೆ ಇಳಿಯುತ್ತದೆ. ದ್ರವ್ಯರಾಶಿಯ ಲೆಕ್ಕವನ್ನು ಅಲ್ಲಿ ನಿಂತು ಮಾಡಬೇಕು. ಹಾಗೆ ಜಾರಿದ್ದರಿಂದಲೇ ಎಲೆಕ್ಟ್ರಾನಿಗೂ ಭಾರ ಬಂತು.

ಇದನ್ನು ಬಾಯಲ್ಲಿ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಅದಕ್ಕೇ ಉಪನ್ಯಾಸದ ದಿನ ಮುಂಜಾನೆ, ಹೆಂಡತಿ ಶೋಭಾ ಸಂತೆಗೆ ಹೋದ ಹೊತ್ತು ನೋಡಿ, ಅವಳು ರೊಟ್ಟಿ ಹಿಟ್ಟು ನಾದುವ ಹಿತ್ತಾಳೆಯ ಅಗಲ ತಟ್ಟೆ, ಅಂದರೆ ಪರಾತ, ಎತ್ತಿಕೊಂಡೆ. ಬೋರಲು ಹಾಕಿ ತಳದ ನಡುವಿಗೆ ಸುತ್ತಿಗೆಯಿಂದ ನಾಲ್ಕು ಬಾರಿಸಿದೆ. ಒಳಗೆ ನಡುವೆ ದಿಬ್ಬ, ಸುತ್ತ ತಗ್ಗು. ದಿಬ್ಬದ ಮೇಲೆ ಕಾಗವಾಡದ ಒಂದು ದ್ರಾಕ್ಷಿ ಇಟ್ಟರೆ ಸಿದ್ಧಾಂತ ತಾನೇ ಉರುಳುತ್ತದೆ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಕಾಲೇಜಿನಲ್ಲಿ ಬೋರ್ಡಿನ ಮೇಲೆ ಸೂತ್ರ ಬರೆದಿಟ್ಟು ಪರಾತ ತರಲು ಸ್ಟಾಫ್ ರೂಮಿಗೆ ಹೋದೆ. ಮರಳಿ ಬಂದಾಗ ಪ್ರಿನ್ಸಿಪಾಲರು ಮುಂದಿನ ಕುರ್ಚಿಯಲ್ಲಿ ಪ್ರಸನ್ನರಾಗಿ ಕೂತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ನೋಡದೆ ಉತ್ಸಾಹದಿಂದ ದ್ರಾಕ್ಷಿ ಇಟ್ಟೆ. ಅದು ಉರುಳಿ ತಗ್ಗು ಸೇರಿತು. ಸದಲಗಾದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ, ಬೋರ್ಡಿನ್ಯಾಗ ಪ್ಲಸ್ ಐತಲ್ರಿ. ಅಂದ್ರ ದ್ರಾಕ್ಷಿ ನಡುವ ಕುಂದರಬೇಕಿತ್ತ, ಯಾಕ ಓಡಿತ್ರಿ?"

ತಿರುಗಿ ನೋಡಿದೆ. ನನ್ನ ಮೈನಸ್ಸಿನ ಮೇಲೆ ಯಾರೋ ಒಂದು ನೆಟ್ಟನೆಯ ಗೆರೆ ಎಳೆದಿದ್ದರು.

"ನಾನ ತಿದ್ದೀನ್ರಿ," ಎಂದರು ವಾಣಿಜ್ಯಶಾಸ್ತ್ರದ ನಮ್ಮ ಪ್ರಿನ್ಸಿಪಾಲರು. "ಹುಡುಗರ ಮುಂದ ನಿಮ್ಮ ಮರ್ಯಾದಿ ಹೋಗಬಾರದಂತ. ತೂಕ ಎಲ್ಲ್ಯಾರ ಮೈನಸ್ ಇರತೈತೇನ್ರಿ?"

ಹುಡುಗರು ಗೊಳ್ಳೆಂದರು. ಆ ಒಂದು ಗೆರೆಯಿಂದ ಎಲೆಕ್ಟ್ರಾನಿನ ಭಾರ ಹೋಯಿತು, ಪರಮಾಣು ಕಟ್ಟಲಿಲ್ಲ, ಪ್ರಿನ್ಸಿಪಾಲರ ಕುರ್ಚಿಯೂ ಉಳಿಯಲಿಲ್ಲ. ಆದರೂ ಅವರು ಅದರಲ್ಲೇ ಕೂತು ನಗುತ್ತಿದ್ದರು. ನನ್ನ ಮೈ ಉರಿದುಹೋಯಿತು. ಪ್ರಿನ್ಸಿಪಾಲರ ಮೇಲೆ ಕೂಗಾಡುವಂತಿಲ್ಲ, ಹಲ್ಲು ಕಡಿಯುತ್ತ ಆ ದ್ರಾಕ್ಷಿಯನ್ನೇ ತಿಂದುಬಿಟ್ಟೆ. ಬಿಡಿಸಿ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಎದ್ದು ಹೋದರು. ಅಷ್ಟು ದಿನದ ಆಸೆ ಚಾಕ್‌ಪುಡಿಯ ಜೊತೆ ನೆಲಕ್ಕೆ ಬಿತ್ತು.

ಮನೆಗೆ ಬಂದವನೇ ಶೋಭಾಳ ಮುಂದೆ ಕೂಗಾಡಿದೆ. "ಒಂದ ಮಾತ ಕೇಳಬಾರದಾ? ಇನ್ನೊಬ್ರದಕ್ಕ ಹೋಗಿ ಕೈ ಹಚ್ಚೂದಂದ್ರ ಏನ? ನೆಟ್ಟಗ ಇದ್ದದ್ದನ್ನ ಕೆಡಿಸಿ ಮ್ಯಾಲ ನಗತಾರ!"

"ಖರೇನರಿ, ಕೇಳಬೇಕಿತ್ತ ಅವ್ರು," ಎಂದಳು. ನನಗೆ ಎಷ್ಟೋ ಸಮಾಧಾನವಾಯಿತು. ಅಷ್ಟರಲ್ಲಿ ನನ್ನ ಕಂಕುಳಿನ ಪರಾತ ಕಿತ್ತುಕೊಂಡು ಬೆಳಕಿಗೆ ಹಿಡಿದಳು. "ಇದು ಅಥಣಿಯಿಂದ ನಮ್ಮವ್ವ ಕೊಟ್ಟದ್ರಿ. ನೆಟ್ಟಗಿತ್ತು. ನೀವ ಯಾರನ್ನ ಕೇಳಿದ್ರಿ?"

ಕ್ಷೇತ್ರ, ಕಣ, ದಿಬ್ಬ ಎಂದು ಏನೇನೋ ತೊದಲಿದೆ. ಅವಳು ಸಿಟ್ಟಿನಿಂದ ಜೋಳದ ಹಿಟ್ಟಿನ ಮುದ್ದೆಯನ್ನು ಪರಾತದ ನಡುವಿಗೆ ಅಪ್ಪಳಿಸಿ ಒತ್ತಿದಳು. ಅದು ಜಾರಿ ಅಂಚಿನ ತಗ್ಗಿಗೆ ಹೋಗಿ ಕೂತಿತು. ಮತ್ತೆ ಎಳೆದು ನಡುವೆ ಒತ್ತಿದಳು, ಮತ್ತೆ ಜಾರಿತು. ಕಾಲೇಜಿನಲ್ಲಿ ಕೈಕೊಟ್ಟ ಪ್ರಯೋಗ ನಮ್ಮ ಅಡುಗೆಮನೆಯಲ್ಲಿ ಇಷ್ಟು ಚೆನ್ನಾಗಿ ನಡೆಯುತ್ತಿತ್ತು, ಚಪ್ಪಾಳೆ ತಟ್ಟುವ ಧೈರ್ಯ ಮಾತ್ರ ನನಗಿರಲಿಲ್ಲ.

ನಿಪ್ಪಾಣಿಯ ಭಾಂಡೆ-ಪಾತ್ರೆ ಅಂಗಡಿಯವನಿಗೆ ತೋರಿಸಿದೆ. "ಮತ್ತ ಬಡದ್ರ ಸೀಳತೈತ್ರಿ," ಎಂದ. ಹೊಸದು ತರುತ್ತೇನೆಂದರೆ ಶೋಭಾಗೆ ಬೇಡ, ಅವ್ವನದೇ ಬೇಕು. ಹೀಗಾಗಿ ಈಗ ದಿನಾ ಮುಂಜಾನೆ ಹಿಟ್ಟು ನಾದುವ ಕೆಲಸ ನನ್ನದು. ಮುದ್ದೆಯನ್ನು ನಡುವಿಗೆ ತರುತ್ತೇನೆ, ಅದು ಅಂಚಿಗೆ ಓಡುತ್ತದೆ. ನನ್ನ ಮೈನಸ್ ಸರಿಯಾಗಿತ್ತೆಂದು ದಿನಾ ಸಾಬೀತಾಗುತ್ತದೆ, ನನ್ನ ಎರಡೂ ರಟ್ಟೆಗಳಿಗೆ. ಶೋಭಾ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಒಮ್ಮೊಮ್ಮೆ ಬಂದು, ನನ್ನನ್ನು ಕೇಳದೆಯೇ, ನಾನು ನಾದಿದ್ದನ್ನು ತಿದ್ದುತ್ತಾಳೆ. ನಾನು ಪರಾತವನ್ನು ಅವಳ ಕಡೆ ಸರಿಸಿಕೊಡುತ್ತೇನೆ.