ಹಿಂದಿನ ಚಕ್ರದ ಹಲ್ಲಿಗೆ ಎರಡು ಚಮಚ

“ನೋಡೇ, ಎಲ್ಲರ ಬೈಕಿಗೂ ಸರಪಳಿ ಇರುತ್ತೆ, ನಮ್ಮದಕ್ಕಿಲ್ಲ. ನಮ್ಮದಕ್ಕಿರೋದು ತಿರುಗೋಲು. ಎಂಜಿನ್ನಿನಿಂದ ಹೊರಟ ಕೋಲು ಈ ಕೊಳವೆಯೊಳಗೆ ಗಿರಗಿರ ತಿರುಗ್ತಾ ಬಂದು, ಇಗೋ, ಹಿಂದಿನ ಚಕ್ರದ ಪಕ್ಕದಲ್ಲಿರೋ ಈ ಗುಂಡನೆ ಕೋಶದೊಳಗೆ ಹಲ್ಲಿಗೆ ಹಲ್ಲು ಕಚ್ಚಿ ಚಕ್ರ ತಿರುಗಿಸುತ್ತೆ. ಆ ಕೋಶದೊಳಗೆ ಎಣ್ಣೆ. ಈಗ ನೆಲದ ಮೇಲೆ ಹನಿ ಬಿದ್ದಿದೆ ಅಂದರೆ ಅದು ಹೊರಗೆ ಬರೋಕೆ ನಾಲ್ಕೇ ದಾರಿ. ತಳದ ತಿರುಪು ಸಡಿಲ ಆಗಿರಬೇಕು. ಇಲ್ಲ, ಎಣ್ಣೆ ತಡೆಯೋಕೆ ಚಕ್ರದ ಕಡೆ ಇರೋ ದೊಡ್ಡ ತಡೆಬಳೆ ಸವೆದಿರಬೇಕು. ಇಲ್ಲ, ಕೋಲಿನ ಕಡೆಯ ಚಿಕ್ಕ ತಡೆಬಳೆ. ಇಲ್ಲ, ಮೇಲಿರೋ ಈ ಉಸಿರುಗಂಡಿ. ಒಳಗೆ ಬಿಸಿಯಾದಾಗ ಗಾಳಿ ಬಿಡೋಕೆ ಇಟ್ಟಿರೋ ತೂತು. ಯಾವ ದಾರಿ ಅಂತ ನಾನು ಕಂಡುಹಿಡೀತೀನಿ. ಆದರೆ ಒಂದು ಮಾತು ನೆನಪಿಟ್ಟುಕೋ. ಎಣ್ಣೆ ಕಡಿಮೆಯಾಯಿತೋ, ಆ ಹಲ್ಲುಗಳ ಕಥೆ ಮುಗೀತು. ಉದುರಿದ ಹಲ್ಲು ಮತ್ತೆ ಹುಟ್ಟಲ್ಲ.”

ಬೈಕು ನಿಂತಿದ್ದ ಮೊಗಸಾಲೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತಿದ್ದ ಮನೆಯಾಕೆ ಗಂಡ ಹೇಳಿದ ಇಷ್ಟನ್ನೂ ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ತಿರುಗೋಲು, ತಡೆಬಳೆ ಯಾವುದೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಯ ಮಾತು ಮಾತ್ರ ನೇರ ಎದೆಗೆ ನಾಟಿತು. ಅವಳ ಬಾಯಲ್ಲಿ ಉಳಿದಿದ್ದವು ಮೂರೇ ಹಲ್ಲು. (ಅವೂ ಒಂದಕ್ಕೊಂದು ಮುಖ ನೋಡದ ಹಾಗೆ ಮೂರು ದಿಕ್ಕಿನಲ್ಲಿದ್ದವು.) ಹಲ್ಲಿನ ಕಷ್ಟ ಹಲ್ಲು ಕಳೆದುಕೊಂಡವರಿಗೆ ತಾನೆ ಗೊತ್ತು.

ಅವಳ ಯಜಮಾನರು ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಅಲ್ಲಿನವರು ಗೌರವದಿಂದ ಕರಡು ಮೇಷ್ಟ್ರು ಎನ್ನುತ್ತಿದ್ದರು. ಬೀದಿಯವರು ಅದನ್ನು ಎಳೆದಾಡಿ ಕರಡಿ ಮೇಷ್ಟ್ರು ಮಾಡಿದ್ದರು. ನಿವೃತ್ತರಾದ ಮೇಲೆ ತಿದ್ದಲು ಕಾಗದವಿಲ್ಲದೆ ಮನೆಯವರ ಮಾತನ್ನು ತಿದ್ದುತ್ತಿದ್ದರು. ಬೇರೆ ಭಾಷೆಯ ಪದ ಕಿವಿಗೆ ಬಿದ್ದರೆ ಊಟದಲ್ಲಿ ಕಲ್ಲು ಸಿಕ್ಕಂತೆ ಮುಖ ಮಾಡುತ್ತಿದ್ದರು. ಬೈಕು ಮತ್ತು ಎಂಜಿನ್ನಿಗೆ ಮಾತ್ರ, ಬಹಳ ಯೋಚಿಸಿ, ಕ್ಷಮಾದಾನ ಸಿಕ್ಕಿತ್ತು.

ಆ ಸೋಮವಾರ ಸಂಜೆ ಎರಡು ಬೀದಿ ಆಚೆ ಇರುವ ಮಗಳು ಬಂದಳು. ಆಸ್ಪತ್ರೆಯಲ್ಲಿ ನರ್ಸು, ಕಲೆ ಕಂಡರೆ ಆಗದು. ನೆಲದ ಮೇಲಿನ ಹನಿ ನೋಡಿದವಳೇ, ಅದೇ ಹನಿ ಟೈರಿನ ಮೇಲೆ ಬಿದ್ದರೆ ತಿರುವಿನಲ್ಲಿ ಇಬ್ಬರೂ ಜಾರಿ ತನ್ನ ವಾರ್ಡಿಗೇ ಬರುತ್ತೀರಿ ಎಂದಳು. ಭಾನುವಾರದೊಳಗೆ ಸೋರುವುದು ನಿಲ್ಲದಿದ್ದರೆ ಬೈಕು ಗುಜರಿಗೆ, ಅಲ್ಲಿಯವರೆಗೆ ಅಮ್ಮ ಹಿಂದಿನ ಸೀಟಿನಲ್ಲಿ ಕೂರಕೂಡದು ಎಂದು ತೀರ್ಪು ಕೊಟ್ಟು ಹೋದಳು.

ಮನೆಯಾಕೆಗೆ ಆ ಸೀಟಿನ ಮಾತೇ ಹೆಚ್ಚು ನಾಟಿತು. ಕಿವಿ ಕೇಳದ ಅವಳ ಅಕ್ಕ ಬಸ್ಸು ಹೋಗದ ಗುಡ್ಡದ ಮೇಲಿನ ಬಡಾವಣೆಯಲ್ಲಿದ್ದಳು. ವಾರಕ್ಕೊಂದು ಸಲ ಆ ಸೀಟಿನಲ್ಲಿ ಕೂತು ಹೋಗಿ, ಗಂಟಲು ಹರಿಯುವಂತೆ ಕಿರುಚಿ ನಾಲ್ಕು ಗುಟ್ಟು ಹೇಳಿ ಬಂದರೇ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿತ್ತು. ಬೈಕು ಹೋದರೆ ಅಕ್ಕ ಹೋದ ಹಾಗೆ.

ಆದ್ದರಿಂದ ಮಂಗಳವಾರ ಬೆಳಿಗ್ಗೆ, ಮೇಷ್ಟ್ರು ಸ್ನಾನಕ್ಕೆ ಹೋದಾಗ, ಮೊಗಸಾಲೆ ಒರೆಸುತ್ತಿದ್ದವಳು ತನ್ನ ಪಾಲಿನ ಕೆಲಸವನ್ನೂ ಮಾಡಿದಳು. ಅಡುಗೆಮನೆಯ ಇಕ್ಕಳದಿಂದ ಕೋಶದ ಮೇಲಿನ ಮುಚ್ಚಳ ತಿರುಪಿ, ಹಿಂದಿನ ದಿನ ಈರುಳ್ಳಿ ಕರಿದು ಉಳಿದಿದ್ದ ಎಣ್ಣೆಯನ್ನು ಎರಡು ಚಮಚ ಹಾಕಿ ಮುಚ್ಚಿದಳು. ಸೋಸಿಯೇ ಹಾಕಿದಳು. ಹಲ್ಲಿನ ಸಂದಿಯಲ್ಲಿ ಚೂರು ಸಿಕ್ಕಿಕೊಂಡರೆ ಎಷ್ಟು ಹಿಂಸೆ ಎಂಬುದು ಅವಳಿಗೆ ಗೊತ್ತಿತ್ತು.

ಇತ್ತ ಮೇಷ್ಟ್ರ ಸಂಶೋಧನೆ ಶುರುವಾಯಿತು. ತಳದ ತಿರುಪನ್ನು ಸೋಮವಾರವೇ ಬಿಗಿ ಮಾಡಿ, ಎಣ್ಣೆಯನ್ನು ಅಳೆದು ತುಂಬಿದ್ದರು. ಈಗ ಕೋಶವನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಹೆಂಡತಿಯ ಮುಖದ ಪೌಡರನ್ನು ಮೈತುಂಬ ಬಳಿದರು. ಎಣ್ಣೆ ಎಲ್ಲಿಂದ ಬರುತ್ತದೋ ಅಲ್ಲಿ ಪೌಡರು ಒದ್ದೆಯಾಗಬೇಕು ಎಂಬುದು ಸಿದ್ಧಾಂತ. ಬೀದಿ ಸುತ್ತಿ ಬಂದರು. ಹಿಂದಿನಿಂದ ಹೊಗೆ, ಹೊಗೆಯ ಜೊತೆ ಘಮಘಮ. ನೋಡಿದರೆ ಉಸಿರುಗಂಡಿಯ ಸುತ್ತ ಒದ್ದೆ. ಗುರುವಾರದ ಹೊತ್ತಿಗೆ ಅಲ್ಲಿಂದ ಎಣ್ಣೆ ಧಾರೆಯಾಗಿ ಇಳಿದು ನೆಲದ ಮೇಲೆ ತಟ್ಟೆಯಗಲ ಹರಡಿತು. ಮೇಷ್ಟ್ರು ಅದರ ಸುತ್ತ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

“ತುಂಬಿದ್ದು ಹೆಚ್ಚಾದರೆ ಮಾತ್ರ ಮೇಲಿಂದ ಬರಬೇಕು,” ಎಂದು ತಲೆ ಕೆರೆದುಕೊಂಡರು. “ನಾನು ಅಳೆದು ಹಾಕಿದ್ದೀನಲ್ಲ.”

ಇಷ್ಟು ಸೋರುತ್ತಿದೆಯಲ್ಲ, ಒಳಗೆ ಏನು ಉಳಿದಿದ್ದೀತು ಎಂದು ಮನೆಯಾಕೆ ಮರುಗಿದಳು. ದಿನದ ಎರಡು ಚಮಚ ಅರ್ಧ ಸೌಟಾಯಿತು. ಶುಕ್ರವಾರಕ್ಕೆ ಕರಿದ ಎಣ್ಣೆ ತೀರಿ ಹೊಸ ಬಾಟಲಿಗೆ ಕೈಹಾಕಿದಳು. ಹಾಗೆಂದು ಕದ್ದುಮುಚ್ಚಿ ಮಾಡಿದಳೆಂದು ಯಾರೂ ತಿಳಿಯಬಾರದು. ಹೇಳಲು ಎರಡು ಸಲ ಬಾಯಿ ತೆರೆದಿದ್ದಳು.

“ರೀ, ಆ ಡಬ್ಬಿಗೆ ನಾನು ದಿನಾ...”

“ಡಬ್ಬಿ ಅಲ್ಲ, ಕೋಶ,” ಎಂದು ಮೇಷ್ಟ್ರು ತಿದ್ದಿ ತಿರುಪು ಬಿಗಿಯುವ ಪಾನಾ ಹುಡುಕಲು ಹೋದರು. ಇನ್ನೊಂದು ಸಲ ಕೋಶ ಎಂದೇ ಶುರುಮಾಡಿದಳು; ಆಗ ಶಕಾರದ ಉಚ್ಚಾರಣೆ ಸರಿಯಿಲ್ಲವೆಂದು ತಿದ್ದಿದರು. ಪದ ತಿದ್ದುವ ಭರದಲ್ಲಿ ವಾಕ್ಯ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗೆ ತಪ್ಪಿ ಎಷ್ಟೋ ವರ್ಷವಾಗಿತ್ತು.

ಭಾನುವಾರ ಬೆಳಿಗ್ಗೆ ಮಗಳು ಕೈಕಟ್ಟಿ ನಿಂತಳು. ಮೇಷ್ಟ್ರು ಮಾನ ಬಿಟ್ಟು ಬೀದಿಯ ಕೊನೆಯ ಮಿಸ್ತ್ರಿಯನ್ನು ಕರೆಸಿದ್ದರು. ಮಿಸ್ತ್ರಿ ಪೌಡರು ಹಚ್ಚಿಕೊಂಡ ಬೈಕನ್ನು ನೋಡಿಯೂ ಯಾಕೆಂದು ಕೇಳದೆ ಅದರ ಕೆಳಗೆ ಕೂತ. (ಅವನಿಗೂ ಹೆಂಡತಿ ಮಕ್ಕಳಿದ್ದರು, ಮನೆಮನೆಯ ಸಂಗತಿ ಬಲ್ಲವನು.) ಹನಿಗೆ ಬೆರಳು ಅದ್ದಿ ಮೂಸಿದ. ಮತ್ತೊಮ್ಮೆ ಮೂಸಿದ. ಈ ಕೋಶಕ್ಕೆ ಹಾಕುವುದು ಕೊಳೆತ ಮೊಟ್ಟೆಯ ಹಾಗೆ ನಾರಬೇಕು, ತನಗೆ ಮಾತ್ರ ಯಾಕೋ ಹಸಿವಾಗುತ್ತಿದೆ ಎಂದ. ಆಮೇಲೆ ನಿಧಾನವಾಗಿ ಮನೆಯಾಕೆಯ ಕಡೆ ತಿರುಗಿದ.

“ಅಮ್ಮ, ಈ ವಾರ ಮನೇಲಿ ಈರುಳ್ಳಿ ಕರಿದ್ರಾ?”

ಕೊನೆಗೂ ಕೇಳುವವರು ಸಿಕ್ಕರಲ್ಲ ಎಂದು ಅವಳು ಚಮಚದಿಂದ ಸೌಟಿನವರೆಗೆ ಎಲ್ಲವನ್ನೂ ಸಂತೋಷವಾಗಿಯೇ ಹೇಳಿದಳು. ಅವಳ ಮಾತಿಗೆ ಸಾಕ್ಷಿ ಹೇಳುವಂತೆ ಉಸಿರುಗಂಡಿ ಗುಳುಕ್ ಎಂದಿತು.

“ಅಯ್ಯೋ, ಅಡುಗೆ ಎಣ್ಣೇನಾ ಸುರಿಯೋದು?” ಎಂದರು ಮೇಷ್ಟ್ರು.

“ನೀವೇ ತಾನೆ ಎಣ್ಣೆ ಅಂದಿದ್ದು? ನಮ್ಮನೇಲಿ ಎಣ್ಣೆ ಅಂದ್ರೆ ಇನ್ನೇನು?”

“ಆಯಿಲ್ ಅಂದಿದ್ರೆ ಅಮ್ಮ ಮುಟ್ತಾನೇ ಇರಲಿಲ್ಲ, ಮೇಷ್ಟ್ರೇ,” ಎಂದ ಮಿಸ್ತ್ರಿ. “ಪುಣ್ಯಕ್ಕೆ ನನ್ನ ಹತ್ರ ಎಣ್ಣೆ ಹಾಕು ಅನ್ನಲಿಲ್ಲ. ನಮ್ಮ ಶೆಡ್ಡಲ್ಲಿ ಎಣ್ಣೆ ಅಂದ್ರೆ ಸಾಯಂಕಾಲ ಕುಡಿಯೋದು.”

ಸೋರಿಕೆ ಸೋಮವಾರ ತಿರುಪು ಬಿಗಿ ಮಾಡಿದಾಗಲೇ ನಿಂತಿತ್ತು, ಆಮೇಲಿನದೆಲ್ಲ ತುಂಬಿ ತುಳುಕಿದ್ದು ಎಂದು ಅವನು ವಿವರಿಸಿದ. ಒಳಗನ್ನು ತೊಳೆದು ಹೊಸದು ತುಂಬಿಕೊಟ್ಟ. ಹಲ್ಲು ಒಂದೂ ಹೋಗಿರಲಿಲ್ಲ. ಮಗಳು ಬೈಕನ್ನು ನಿರ್ದೋಷಿ ಎಂದು ಬಿಟ್ಟಳು. ಅಮ್ಮ ಇಕ್ಕಳ ಹಿಡಿದು ಮೊಗಸಾಲೆಗೆ ಬರಕೂಡದೆಂದು ಹೊಸ ತೀರ್ಪು ಬರೆದಳು. ಮೇಷ್ಟ್ರು ಒಂದು ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಆಯಿಲ್ ಮಾತ್ರ’ ಎಂದು ಬರೆದು ಮುಚ್ಚಳದ ಮೇಲೆ ಅಂಟಿಸಿದರು. ಬರೆಯುವಾಗ ಅವರ ಮುಖ ಊಟದಲ್ಲಿ ಕಲ್ಲು ಸಿಕ್ಕಂತಿತ್ತೆಂದು ನೋಡಿದವರು ಹೇಳುತ್ತಾರೆ.

ಮಧ್ಯಾಹ್ನವೇ ಅಕ್ಕನ ಮನೆಗೆ ಹೋದರು. ಮಗಳು ಅಷ್ಟರಲ್ಲೇ ಫೋನು ಮಾಡಿದ್ದಳು. ಏನು ಹೇಳಿದರೂ ಮೂರು ಸಲ ಹೇಳಿಸಿಕೊಳ್ಳುವ ಅಕ್ಕನಿಗೆ ಇದೊಂದು ಮಾತ್ರ ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸಿತ್ತು. ಗೇಟಿನಲ್ಲೇ ನಿಂತು, ಬೈಕಿಗೆ ಊಟ ಆಯ್ತೇನೇ ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ವಿಚಾರಿಸಿದಳು.

ಸೋಮವಾರ ಹುರುಳಿಕಾಯಿ ಹೆಚ್ಚಿ ಒಲೆಯ ಮೇಲೆ ಬಾಣಲೆ ಇಟ್ಟ ಮನೆಯಾಕೆ ಬಾಟಲಿ ಬಗ್ಗಿಸಿದಳು. ಒಂದು ಹನಿ ಬಿತ್ತು. ಅಲ್ಲಾಡಿಸಿದಳು, ಅದೂ ಇಲ್ಲ. ಕಾಯಿ ಬರೀ ನೀರಿನಲ್ಲಿ ಬೆಂದು, ದಾರದ ಹಾಗೆ ತಟ್ಟೆಗೆ ಬಂತು. ಕಟ್ಟಿಸಿದ ಹಲ್ಲಿನಲ್ಲಿ ಮೇಷ್ಟ್ರು ಕಟಕಟ ಅಗಿದರು. ಆಕೆ ಒಂದು ತುಂಡನ್ನು ಮೂರು ಹಲ್ಲಿಗೂ ಸರದಿಯಂತೆ ಸುತ್ತಿಸಿ, ಕೊನೆಗೆ ಹಾಗೆಯೇ ನುಂಗಿದಳು.

“ಏನೇ ಇದು, ಆಯಿಲ್ಲೇ ಹಾಕಿಲ್ವಾ?” ಎಂದರು ಮೇಷ್ಟ್ರು.

“ಆಯಿಲ್ ಅಲ್ಲ,” ಎಂದಳು ಮನೆಯಾಕೆ. “ಎಣ್ಣೆ.”

ಎರಡೂ ತಟ್ಟೆ ತೊಳೆದು ಬೋರಲು ಹಾಕಿದಳು. ಒರೆಸುವ ಬಟ್ಟೆ ಹಿಂಡಿಕೊಂಡು ಮೊಗಸಾಲೆಗೆ ಬಂದು, ಬೈಕಿನ ಕೆಳಗೆ ಕೂತು, ನೆಲದ ಮೇಲೆ ಉಳಿದಿದ್ದ ಕೆಂಪು ಪ್ರಶ್ನಾರ್ಥಕ ಚಿಹ್ನೆಯನ್ನು ಒರೆಸತೊಡಗಿದಳು.