ಗೋಳಿಬಜೆಗೂ ಮೂಡೆಗೂ ಒಂದೇ ಬಳಿ

ನನ್ನ ವಯಸ್ಸಿನ ಹೆಂಗಸರಿಗೆ ಹೇಳಿಕೊಳ್ಳಲು ಒಳ್ಳೊಳ್ಳೆಯ ತೊಂದರೆಗಳಿರುತ್ತವೆ. ಮಂಡಿನೋವು, ಶುಗರ್, ಕಣ್ಣಿನ ಪೊರೆ, ಸೊಸೆ. ಮದುವೆ ಹಾಲಿನಲ್ಲಿ ಪಕ್ಕದ ಕುರ್ಚಿಯವರು "ಹೇಗಿದ್ದೀರಿ" ಎಂದು ಕೇಳಿದರೆ ಇವುಗಳಲ್ಲಿ ಒಂದನ್ನು ಎತ್ತಿಕೊಂಡು ಊಟಕ್ಕೆ ಕರೆಯುವ ತನಕ ಸುಖವಾಗಿ ಮಾತಾಡಬಹುದು. ನನಗೆ ಬಂದ ತೊಂದರೆ ಅಂಥದ್ದಲ್ಲ. ಕಳೆದ ಮಳೆಗಾಲದಿಂದ ನಾನು ಡ್ರ್ಯಾಗನ್ ಸಾಕುತ್ತಿದ್ದೇನೆ. ಸಾಕುವುದಷ್ಟೇ ಆಗಿದ್ದರೆ ಹೇಗೋ ಮುಚ್ಚಿಡಬಹುದಿತ್ತು. ಅವುಗಳಿಗೆ ಸಂಬಂಧ ಕುದುರಿಸುತ್ತೇನೆ, ಹುಟ್ಟುವ ಮರಿಯ ರೆಕ್ಕೆ ಯಾವ ಬಣ್ಣದ್ದಾದೀತು ಎಂದು ಕೂತು ಲೆಕ್ಕ ಹಾಕುತ್ತೇನೆ. ಬಂಟ್ವಾಳದ ಯಾವ ಮದುವೆಯಲ್ಲಿ, ಯಾರ ಪಕ್ಕ ಕೂತು ಇದನ್ನು ಹೇಳಿಕೊಳ್ಳಲಿ?

ಇದಕ್ಕೆಲ್ಲ ಕಾರಣ ಮನಸ್ವಿ, ನನ್ನ ಮಗಳ ಮಗಳು. ಎಂಟನೇ ಕ್ಲಾಸಿಗೆ ಅವಳನ್ನು ಮೂಡುಬಿದಿರೆಯ ಒಂದು ಹಾಸ್ಟೆಲ್ ಶಾಲೆಗೆ ಸೇರಿಸಿದೆವು. ಅಲ್ಲಿ ಫೋನು, ಟ್ಯಾಬು ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಟ್ರಂಕಿಗೆ ಬಟ್ಟೆ ತುಂಬಿಸುತ್ತಿದ್ದಾಗ ಅವಳು ಟ್ಯಾಬನ್ನು ತಂದು, ಬಾಣಂತಿ ಕೂಸನ್ನು ಒಪ್ಪಿಸುವ ಹಾಗೆ ನನ್ನ ಮಡಿಲಲ್ಲಿ ಇಟ್ಟಳು. "ಅಜ್ಜಿ, ಇವಕ್ಕೆ ದಿನಾ ಎರಡು ಹೊತ್ತು ಊಟ ಹಾಕ್ಬೇಕು. ಅಮ್ಮನಿಗೆ ಕೊಟ್ರೆ ಬ್ಯಾಂಕಿನ ಗಡಿಬಿಡಿಯಲ್ಲಿ ಮರೆತು ಉಪವಾಸ ಹಾಕ್ತಾರೆ," ಎಂದಳು. ನೋಡಿದರೆ ಅದೊಂದು ಆಟ. ಪರದೆಯ ಮೇಲೆ ಒಂದು ಗುಹೆ, ಗುಹೆಯೊಳಗೆ ಡ್ರ್ಯಾಗನ್‌ಗಳ ಒಂದು ಸಂಸಾರ. ನಾನು ಓದಿದ ಕಾನ್ವೆಂಟಿನ ಚಾಪೆಲಿನಲ್ಲಿ ಕುದುರೆ ಏರಿದ ಸಂತರೊಬ್ಬರು ಡ್ರ್ಯಾಗನ್ನಿನ ಬಾಯಿಗೆ ಈಟಿ ಹಾಕುವ ದೊಡ್ಡ ಚಿತ್ರವಿತ್ತು. ಡ್ರ್ಯಾಗನ್ ಅಂದರೆ ಪಾಪ, ಸಿನ್, ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಈಗ ಆ ಪಾಪಕ್ಕೆ ಎರಡು ಹೊತ್ತು ಊಟ ಹಾಕುವ ಡ್ಯೂಟಿ ನನ್ನದಾಯಿತು.

ಮನಸ್ವಿ ಅವಕ್ಕೆಲ್ಲ ನಮ್ಮ ಮನೆಯ ತಿಂಡಿಗಳ ಹೆಸರಿಟ್ಟಿದ್ದಳು. ಸಂಸಾರದ ಹಿರಿಯ ನೀರುದೋಸೆ. ಅವನಿಗೆ ಬೆಳ್ಳಿ ರೆಕ್ಕೆ. ಆಟದಲ್ಲಿ ಅದು ಭಾರೀ ಅಪರೂಪ, ಯಾವುದೋ ಹಬ್ಬಕ್ಕೆ ಬಹುಮಾನವಾಗಿ ಬಂದದ್ದಂತೆ. ಅವನ ಹೆಂಡತಿ ಪತ್ರೊಡೆ ಅಪ್ಪಟ ಹಸಿರು. ಅವರ ಮಗ ಗೋಳಿಬಜೆ, ಮಗಳು ಮೂಡೆ, ಇಬ್ಬರೂ ತಾಯಿಯ ಹಾಗೆ ಹಸಿರು. ಟ್ಯಾಬು ನನ್ನ ಕೈಗೆ ಬರುವಷ್ಟರಲ್ಲಿ ನೀರುದೋಸೆಗೂ ಪತ್ರೊಡೆಗೂ ವಯಸ್ಸಾಗಿ ಪರ್ವತಕ್ಕೆ ಹಾರಿಹೋಗಿದ್ದರು. ಆ ಆಟದಲ್ಲಿ ಯಾರೂ ಸಾಯುವುದಿಲ್ಲ. ಪರ್ವತಕ್ಕೆ ಹೋಗುತ್ತಾರೆ, ಅಷ್ಟೆ. ನಮ್ಮವರು ತೀರಿಕೊಂಡಾಗ ನನಗೂ ಯಾರಾದರೂ ಹಾಗೆ ಹೇಳಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಮೊದಲ ವಿಸಿಟಿಂಗ್ ಸಂಡೆಗೆ ಕೋರಿರೊಟ್ಟಿ ಕಟ್ಟಿಕೊಂಡು ಹಾಸ್ಟೆಲಿಗೆ ಹೋದೆ. ಮನಸ್ವಿ ಡಬ್ಬಿ ತೆರೆಯಲಿಲ್ಲ. "ಅಜ್ಜಿ, ಒಂದು ಲಗಾಡಿ ಆಗಿದೆ," ಎಂದಳು. ರೂಮಿನ ಹುಡುಗಿಯರೆಲ್ಲ ಇದೇ ಆಟ ಆಡುವವರು. ಊಟಕ್ಕೆ ಯಾರೂ ಇವಳ ಪಕ್ಕ ಕೂರುತ್ತಿರಲಿಲ್ಲವಂತೆ. ಒಂದು ದಿನ ತಡೆಯಲಾರದೆ, ನಮ್ಮಲ್ಲಿ ಬೆಳ್ಳಿ ರೆಕ್ಕೆಯ ಡ್ರ್ಯಾಗನ್ ಉಂಟು ಎಂದು ಹೇಳಿಬಿಟ್ಟಿದ್ದಾಳೆ. ಆವತ್ತಿನಿಂದ ಕೂರುತ್ತಾರಂತೆ.

"ನೀರುದೋಸೆ ಹೋಗಿ ಆಯ್ತಲ್ಲ ಮಗಾ."

"ಅದೇ ಅಲ್ವಾ ಅಜ್ಜಿ. ದಸರಾ ರಜೆಯಲ್ಲಿ ಎಲ್ಲರೂ ಮನೆಗೆ ಹೋಗ್ತಾರೆ, ಫೋನ್ ಸಿಗ್ತದೆ, ನಮ್ಮ ಗುಹೆ ತೆಗೆದು ನೋಡ್ತಾರೆ. ಇಲ್ಲ ಅಂತ ಗೊತ್ತಾದ್ರೆ ನಾನು ವಾಪಸ್ ಬರುದಿಲ್ಲ ಇಲ್ಲಿಗೆ."

ಸುಳ್ಳು ಹೇಳಬಾರದು ಮಗಾ ಎಂದು ಅಲ್ಲೇ ಬುದ್ಧಿ ಹೇಳಬೇಕಿತ್ತು. ಕಾನ್ವೆಂಟಿನಲ್ಲಿ ಓದಿದ್ದು ಅದಕ್ಕೇ ತಾನೇ. ಬಾಯಿಂದ ಬಂದದ್ದು ಮಾತ್ರ, "ರಜೆ ಯಾವಾಗ ಶುರು?" ಎಂಬ ಮಾತು.

ಮನೆಗೆ ಬಂದವಳೇ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ನಾಲ್ಕು ಮನೆಯ ಚೌಕ ಹಾಕಿದೆ. ಅಂಥ ಚೌಕ ಹಾಕದೆ ಎಷ್ಟು ಕಾಲವಾಗಿತ್ತೋ. ನಮ್ಮ ಬಯಾಲಜಿ ಸಿಸ್ಟರ್ ವರ್ಷದಲ್ಲಿ ಒಮ್ಮೆ, ಬಟಾಣಿ ಗಿಡದ ಪಾಠ ಮಾಡುವಾಗ ಮಾತ್ರ ನಗುತ್ತಿದ್ದರು; ಯಾಕೆಂದರೆ ಅದನ್ನು ಕಂಡುಹಿಡಿದವರು ಒಬ್ಬ ಪಾದ್ರಿ. "ಹಿ ವಾಸ್ ಒನ್ ಆಫ್ ಅಸ್, ಗರ್ಲ್ಸ್," ಎನ್ನುತ್ತಿದ್ದರು. ಮದುವೆಯಾಗದ ಒಬ್ಬರು ಕಂಡುಹಿಡಿದದ್ದನ್ನು ಮದುವೆಯಾಗದ ಇನ್ನೊಬ್ಬರು, ಮದುವೆ ಬಿಟ್ಟು ಬೇರೇನೂ ತಲೆಯಲ್ಲಿಲ್ಲದ ನಮಗೆ ಕಲಿಸಿದರು. ಆದರೂ ಚೆನ್ನಾಗಿ ಕಲಿಸಿದರು ಎನ್ನಬೇಕು. ಬೆಳ್ಳಿ ಎನ್ನುವುದು ನಾಚಿಕೆ ಸ್ವಭಾವದ ಗುಣ. ಹಸಿರು ಜೊತೆಗಿದ್ದರೆ ಒಳಗೇ ಕೂತುಬಿಡುತ್ತದೆ. ಅಪ್ಪನಿಂದ ಒಂದು ಹನಿ, ಅಮ್ಮನಿಂದ ಒಂದು ಹನಿ, ಎರಡೂ ಬೆಳ್ಳಿಯಾದರೆ ಮಾತ್ರ ರೆಕ್ಕೆಗೆ ಬರುತ್ತದೆ. ಗೋಳಿಬಜೆ, ಮೂಡೆ ಹೊರಗೆ ಹಸಿರು ನಿಜ, ಆದರೆ ಅಪ್ಪ ನೀರುದೋಸೆಯ ಹತ್ತಿರ ಕೊಡಲು ಬೆಳ್ಳಿ ಬಿಟ್ಟು ಬೇರೆ ಇರಲಿಲ್ಲ. ಆದ್ದರಿಂದ ಇಬ್ಬರೊಳಗೂ ಒಂದೊಂದು ಬೆಳ್ಳಿ ಹನಿ ಇರಲೇಬೇಕು. ಇವರಿಬ್ಬರನ್ನು ಜೋಡಿ ಮಾಡಿದರೆ ನಾಲ್ಕರಲ್ಲಿ ಒಂದು ಮರಿ ಬೆಳ್ಳಿ. ಚೌಕದ ಮೂಲೆಯ ಮನೆಗೆ ಗೆರೆ ಎಳೆದು, ಫುಲ್ ಮಾರ್ಕ್ಸ್ ಬಂದವಳ ಹಾಗೆ ಪೆನ್ನು ಕೆಳಗಿಟ್ಟೆ. ಇಟ್ಟ ಮೇಲೆ ಹೊಳೆಯಿತು. ಗೋಳಿಬಜೆಗೂ ಮೂಡೆಗೂ ಒಂದೇ ಬಳಿ.

ಘಟ್ಟದ ಮೇಲಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬಂಟರಲ್ಲಿ ಬಳಿ ಎಂದರೆ ಗೋತ್ರದಂಥದ್ದು, ಆದರೆ ತಾಯಿಯಿಂದ ಬರುತ್ತದೆ. ಅಪ್ಪ ಎಷ್ಟು ದೊಡ್ಡ ಜನವೇ ಆಗಿರಲಿ, ಸಂಬಂಧದ ಮಾತೆತ್ತಿದ ಕೂಡಲೇ ಕೇಳುವುದು ತಾಯಿಯ ಬಳಿ ಯಾವುದೆಂದು. ಒಂದೇ ಬಳಿಯಾದರೆ, ಹುಡುಗ ದುಬೈಯಲ್ಲೂ ಹುಡುಗಿ ಕಕ್ಕಿಂಜೆಯಲ್ಲೂ ಹುಟ್ಟಿ ಬೆಳೆದು ಮುಖವನ್ನೇ ನೋಡಿರದಿದ್ದರೂ ಅವರು ಅಣ್ಣ ತಂಗಿ. ಕಾಫಿ ಕುಡಿದು ಎದ್ದು ಬರಬೇಕು, ಅಷ್ಟೆ. ಹೀಗೆ ಬಳಿ ಕೇಳಿ ಕೇಳಿ ನಾನು ಈ ತಾಲೂಕಿನಲ್ಲಿ ಎಷ್ಟೋ ಸಂಬಂಧ ಕುದುರಿಸಿದ್ದೇನೆ, ಅಷ್ಟೇ ಸಂಬಂಧ ತಪ್ಪಿಸಿಯೂ ಇದ್ದೇನೆ. ಅಂಥವಳು ಈಗ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಎರಡನ್ನು ಜೋಡಿ ಮಾಡುವುದೆಂದರೆ?

ಇಂಥದ್ದಕ್ಕೆಲ್ಲ ನಮ್ಮಲ್ಲಿ ಸೋದರಮಾವನನ್ನು ಕೇಳುವ ಕ್ರಮ. ನನ್ನ ತಮ್ಮ ಸದಾನಂದ ಲಾಯಿಲದಲ್ಲಿದ್ದಾನೆ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವನು. ಈಗ ಅಂಕದ ಕೋಳಿ ಸಾಕುವುದೇ ಕೆಲಸ. ತಿಂಗಳಿಗೊಮ್ಮೆ ಪುಂಜಾಲಕಟ್ಟೆ ದಾರಿಯಾಗಿ ಕಾರಿನಲ್ಲಿ ಬಂದು ನನ್ನನ್ನು ಹಾಸ್ಟೆಲಿಗೆ ಕರೆದುಕೊಂಡು ಹೋಗುವವನೂ ಅವನೇ. ಎಲ್ಲ ಕೇಳಿ, "ಕೋಳಿಗೆ ನಾನು ಬಳಿ ಕೇಳ್ತೇನಾ ಅಕ್ಕ? ಒಳ್ಳೆ ಜಾತಿ ಉಳೀಬೇಕಾದ್ರೆ ಮನೆಯ ಹೇಂಟೆಗೇ ಹುಂಜ ಬಿಡುದು," ಎಂದ.

"ನಿನ್ನ ಕೋಳಿಗೆ ಹೆಸರು ಉಂಟಾ?"

"ಹೆಸರೆಂತಕ್ಕೆ? ನಾಳೆ ಸೋತ್ರೆ ಸಾರು ಆಗುವಂಥದ್ದು."

"ಇವಕ್ಕೆ ಹೆಸರು ಉಂಟು. ಹೆಸರಿಟ್ಟ ಮೇಲೆ ಮನೆಯವರು."

"ಹಲ್ಲಿಗೆ ರೆಕ್ಕೆ ಬಂದ ಕೂಡ್ಲೆ ಅದು ಬಂಟ ಆಗ್ತದಾ ಮಾರಾಯ್ತಿ?"

"ಮನಸ್ವಿಯ ಗುಹೆಯಲ್ಲಿ ಹುಟ್ಟಿದ್ದು. ಮನಸ್ವಿ ಯಾವ ಬಳಿ?"

ಸದಾನಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ನ್ಯಾಯ ಹೇಳುವವನ ಗತ್ತಿನಲ್ಲಿ, "ಹಾಗಾದ್ರೆ ಸೋದರಿಕೆ ಮಾಡುವ," ಎಂದ. ಗೋಳಿಬಜೆಗೆ ಹೊರಗಿನಿಂದ ಹೆಣ್ಣು ತರುವುದು, ಮೂಡೆಗೆ ಹೊರಗಿನಿಂದ ಗಂಡು. ಗೋಳಿಬಜೆಯ ಮಗಳನ್ನು ಮೂಡೆಯ ಮಗನಿಗೆ ಕೊಡುವುದು. ಮಾವನ ಮಗಳು, ತಾಯಿ ಬೇರೆ, ಬಳಿ ಬೇರೆ, ಯಾರೂ ಕೆಮ್ಮುವ ಹಾಗಿಲ್ಲ. ನನ್ನದೂ ಸೋದರಿಕೆಯೇ, ಮಾವನ ಮಗನಿಗೇ ಕೊಟ್ಟದ್ದು. ಹಿರಿಯರು ಬಳಿ ನೋಡಿದರು, ಗದ್ದೆ ನೋಡಿದರು, ಹುಡುಗನ ಗೊರಕೆ ಮಾತ್ರ ನೋಡಲಿಲ್ಲ. ಆ ಗೊರಕೆ ನಮ್ಮ ಅಜ್ಜನಿಂದ ಬಂದದ್ದು. ನನ್ನೊಳಗೂ ಒಂದು ಹನಿ ಇದ್ದಿರಬೇಕು, ಮಗಳು ಹೊಡೆಯುತ್ತಾಳೆ. ಮೊದಲೆಲ್ಲ ತಲೆದಿಂಬು ಕಿವಿಗೆ ಒತ್ತಿಕೊಳ್ಳುತ್ತಿದ್ದವಳು ನಾನು, ಈಗ ಪಕ್ಕದ ಕೋಣೆಯಿಂದ ಅದು ಕೇಳಿಸದಿದ್ದರೆ ನಿದ್ದೆ ಹತ್ತುವುದಿಲ್ಲ.

ಹೊರಗಿನ ಸಂಬಂಧಕ್ಕೆ ಆಟದಲ್ಲೇ ಒಂದು ಸಂತೆಯುಂಟು, ಯಾವ್ಯಾವುದೋ ದೇಶದವರು ತಮ್ಮ ಡ್ರ್ಯಾಗನ್‌ಗಳನ್ನು ನಿಲ್ಲಿಸಿರುತ್ತಾರೆ. ಒಂದು ಚಂದದ ಗಂಡು ಕಂಡಿತು. ಅದರ ಮಾಲೀಕರಿಗೆ ಕಾನ್ವೆಂಟಿನ ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ, "ಡಿಯರ್ ಸರ್ ಆರ್ ಮ್ಯಾಡಮ್, ಮೇ ಐ ನೋ ದ ಮದರ್ಸ್ ಸೈಡ್?" ಎಂದು ಬರೆದೆ. ಎಲ್, ಓ, ಎಲ್ ಎಂದು ಮೂರೇ ಅಕ್ಷರದ ಉತ್ತರ ಬಂತು. ಮಗಳಿಗೆ ತೋರಿಸಿದೆ. "ಅಮ್ಮ, ಅವರು ನಗ್ತಾ ಇದ್ದಾರೆ," ಎಂದು ಹೇಳಿ ಅವಳೂ ನಗುತ್ತಾ ಬ್ಯಾಂಕಿಗೆ ಹೋದಳು. ಅಂತೂ ಗೋಳಿಬಜೆಗೆ ಬನ್ಸ್ ಎಂಬ ಮಗಳು ಹುಟ್ಟಿದಳು, ಮೂಡೆಗೆ ಚಟ್ಟಂಬಡೆ ಎಂಬ ಮಗ. ಬನ್ಸಿಗೆ ಅಪ್ಪನ ಬೆಳ್ಳಿ ಹನಿ ಬಂದಿರುವ ಸಾಧ್ಯತೆ ಅರ್ಧ. ಚಟ್ಟಂಬಡೆಗೆ ಅಮ್ಮನದ್ದು ಬಂದಿರುವುದು ಅರ್ಧ. ಇಬ್ಬರಿಗೂ ಬಂದಿದ್ದರೆ ಮರಿಗೆ ಬರುವುದು ಕಾಲು. ಗುಣಿಸಿದರೆ ಹದಿನಾರರಲ್ಲಿ ಒಂದು. ಮರ್ಯಾದೆಯ ಬೆಲೆ ಎಷ್ಟೆಂದು ಈ ಜನ್ಮದಲ್ಲಿ ಮೊದಲ ಬಾರಿ ಭಿನ್ನರಾಶಿಯಲ್ಲಿ ನೋಡಿದೆ.

ಮೊಟ್ಟೆಗಳು ಬಂದವು. ಒಂದೊಂದು ಮೊಟ್ಟೆಗೂ ವಾರಗಟ್ಟಲೆ ಕಾವು, ಒಡೆದರೆ ಹಸಿರು. ಮತ್ತೆ ಹಸಿರು. ಲಾಯಿಲದಿಂದ ಫೋನು: "ಎಂತ ಬಂತು?" "ಹಸಿರು." "ಇಷ್ಟು ಸಲ ಬರ್ಲಿಲ್ಲ ಅಂದ್ಮೇಲೆ ಇನ್ನು ಬರ್ಲೇಬೇಕು ಅಕ್ಕ." "ಮೊಟ್ಟೆಗೆ ಹಿಂದಿನದ್ದು ನೆನಪಿರುದಿಲ್ಲ ಮಾರಾಯ, ಸಿಸ್ಟರ್ ಹೇಳಿದ್ದು." ಅವನಿಗೆ ಹೇಳದ ಇನ್ನೊಂದು ಸಂಗತಿಯಿತ್ತು. ಇಬ್ಬರಲ್ಲಿ ಒಬ್ಬರಿಗೆ ಆ ಹನಿ ಬಂದಿರದಿದ್ದರೂ ಸಾಕು, ದಸರಾ ಅಲ್ಲ, ಪ್ರಳಯದ ತನಕ ಕಾದರೂ ಹಸಿರೇ. ಹೊರಗಿನಿಂದ ನೋಡಿ ತಿಳಿಯುವ ದಾರಿಯಿಲ್ಲ. ಬನ್ಸ್ ಮಾತ್ರ ಪ್ರತಿ ಸಲವೂ ರೆಕ್ಕೆ ಬಡಿದು, ಬಹಳ ದೊಡ್ಡ ಉಪಕಾರ ಮಾಡಿದವಳಂತೆ ನನ್ನನ್ನೇ ನೋಡುತ್ತಿದ್ದಳು.

ರಜೆಗೆ ಮೊದಲಿನ ಕೊನೆಯ ವಿಸಿಟಿಂಗ್ ಸಂಡೆ. ಇನ್ನು ಒಂದು ಮೊಟ್ಟೆಗಾಗುವಷ್ಟೇ ಸಮಯ ಉಳಿದಿತ್ತು. ನನ್ನ ಮುಖ ನೋಡಿಯೇ ಮನಸ್ವಿಗೆ ಅರ್ಥವಾಯಿತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ದೊಡ್ಡವರ ಹಾಗೆ, "ಪರವಾಗಿಲ್ಲ ಅಜ್ಜಿ. ರಜೆಯಲ್ಲಿ ಟೀಸಿ ತೆಗೆಯುವ. ಬಂಟ್ವಾಳದಲ್ಲೇ ಶಾಲೆ ಉಂಟಲ್ಲ," ಎಂದಳು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಸದಾನಂದ ಕಾರಿನ ವೇಗ ಇಳಿಸಿದ. ಆಮೇಲೆ, "ಸೋದರಮಾವ ನಾನು. ನಾನು ಒಪ್ಪಿದೆ, ಜೋಡಿ ಮಾಡು," ಎಂದ.

"ಮಾವ ಒಪ್ಪಿದ್ರೆ ಆಗುವಂಥದ್ದಾ ಇದು?"

"ಹಾಗಾದ್ರೆ ಮಗು ಒಬ್ಬಳೇ ಕೂತು ಉಣ್ಲಿ."

ಮರುದಿನ ಮಗಳು ಬ್ಯಾಂಕಿಗೆ ಹೋದ ಮೇಲೆ, ಗೋಡೆಯಲ್ಲಿದ್ದ ನಮ್ಮವರ ಫೋಟೋಗೆ ಬೆನ್ನು ಹಾಕಿ ಕೂತೆ. ಗೋಳಿಬಜೆಯನ್ನು ಒತ್ತಿದೆ, ಮೂಡೆಯನ್ನು ಒತ್ತಿದೆ. "ಆರ್ ಯು ಶೂರ್?" ಎಂದು ಆಟ ಕೇಳಿತು. ನನ್ನ ಮದುವೆಯಲ್ಲಿ ಕೂಡ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಣ್ಣು ಮುಚ್ಚಿ ಎಸ್ ಒತ್ತಿದೆ. ರಜೆಯ ಹಿಂದಿನ ದಿನ ಮೊಟ್ಟೆ ಒಡೆಯಿತು. ಬೆಳ್ಳಿ. ಪರದೆಯ ತುಂಬ ನಕ್ಷತ್ರ ಸುರಿದು, ಕಹಳೆ ಊದಿ, ಕಂಗ್ರಾಜುಲೇಷನ್ಸ್ ಎಂದು ಬರೆದು ಬಂತು. ಧರ್ಮಕ್ಕೆ ತಿಂಗಳುಗಟ್ಟಲೆ ಸಿಗದ್ದು ಅಧರ್ಮಕ್ಕೆ ಒಂದೇ ಮೊಟ್ಟೆಯಲ್ಲಿ ಸಿಕ್ಕಿತು.

ಮನಸ್ವಿ ಬಂದವಳು ಬ್ಯಾಗನ್ನೂ ಇಳಿಸದೆ ಟ್ಯಾಬು ಕಸಿದುಕೊಂಡಳು. ನೋಡಿದಳು, ಕುಣಿದಳು, ನನ್ನ ಕೆನ್ನೆ ಹಿಂಡಿದಳು, ಮರಿಗೆ ಹಾಲ್ಬಾಯಿ ಎಂದು ಅಲ್ಲೇ ನಾಮಕರಣ ಮಾಡಿದಳು. ಆಮೇಲೆ ಎಲ್ಲೋ ಒತ್ತಿ ಅದರ ವಂಶವೃಕ್ಷ ತೆಗೆದಳು. ಅಂಥದ್ದೊಂದು ಉಂಟೆಂದು, ಅದನ್ನು ಯಾರು ಬೇಕಾದರೂ ನೋಡಬಹುದೆಂದು ನನಗೆ ಗೊತ್ತಿರಲಿಲ್ಲ.

"ಅಜ್ಜಿ, ಇದರ ಅಪ್ಪ ಗೋಳಿಬಜೆಯಾ?"

"ಹೌದು."

"ಅಮ್ಮ ಮೂಡೆಯಾ?"

ನಾನು ಕನ್ನಡಕ ಹುಡುಕಲು ಹೊರಟೆ. ಅದು ಮೂಗಿನ ಮೇಲೇ ಇತ್ತು.

"ಇದು ನನಗೂ ಗೊತ್ತಿತ್ತಲ್ಲ ಅಜ್ಜಿ. ಹಾಸ್ಟೆಲಿಗೆ ಹೋಗುವ ಮೊದಲೇ ಮಾಡಬಹುದಿತ್ತು. ನಿಮಗೆ ಬೇಜಾರಾಗ್ತದೆ ಅಂತ ಬಿಟ್ಟದ್ದು." ಟ್ಯಾಬನ್ನು ಮಡಿಲಿಗೆ ಇಳಿಸಿ, "ಬೇರೆಯವರೆಲ್ಲ ಮಾಡ್ತಾರೆ, ನಮ್ಮಲ್ಲಿ ಅದೆಲ್ಲ ಇಲ್ಲ, ನಮ್ಮ ಅಜ್ಜಿ ಬಳಿ ನೋಡುವವರು ಅಂತ ಹುಡುಗಿಯರ ಹತ್ರ ದೊಡ್ಡದಾಗಿ ಹೇಳಿದ್ದೆ," ಎಂದಳು.

ನಾವಿಬ್ಬರೂ ಹಾಲ್ಬಾಯಿಯನ್ನು ನೋಡುತ್ತಾ ಕೂತೆವು. ಅದಕ್ಕೆ ಇದೊಂದೂ ಗೊತ್ತಿಲ್ಲ, ಬೆಳ್ಳಿ ರೆಕ್ಕೆ ಬಿಚ್ಚಿ ಬಿಚ್ಚಿ ತೋರಿಸುತ್ತಿತ್ತು. ಕೊನೆಗೆ ಮನಸ್ವಿ, "ಅಜ್ಜಿಯೇ ಮಾಡಿದ್ದು ಅಂತ ಹೇಳ್ಲಾ?" ಎಂದು ಮೆಲ್ಲಗೆ ಕೇಳಿದಳು. ಹೇಳು ಎಂದೆ. ಅವಳ ಹೆಸರು ಹೊಸತು, ನನ್ನದು ಹಳತು. ಒಂದು ಕಲೆ ಬಿದ್ದರೆ ಎದ್ದು ಕಾಣಲಿಕ್ಕಿಲ್ಲ ಎಂದುಕೊಂಡೆ.

ಟೀಸಿಯ ಮಾತು ಮತ್ತೆ ಬರಲಿಲ್ಲ. ರಜೆ ಮುಗಿದ ಮೇಲಿನ ವಿಸಿಟಿಂಗ್ ಸಂಡೆಗೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಹೋದೆ. ಮನಸ್ವಿ ಜಗಲಿಯಲ್ಲಿ ನಾಲ್ಕೈದು ಹುಡುಗಿಯರ ನಡುವೆ ಕೂತಿದ್ದಳು. ನನ್ನನ್ನು ಕಂಡು ಗುಸುಗುಸು ಶುರುವಾಯಿತು. ಎರಡು ಜಡೆಯ ಉದ್ದನೆಯ ಹುಡುಗಿಯೊಬ್ಬಳು ಎದ್ದು ಬಂದಳು.

"ಆ ಅಜ್ಜಿ ನೀವೇ ಅಲ್ವಾ?"

"ಯಾವ ಅಜ್ಜಿ?"

"ಅಣ್ಣ ತಂಗಿಗೆ ಜೋಡಿ ಮಾಡಿಸಿದವರು."

ಜಗಲಿಯಲ್ಲಿದ್ದ ತಂದೆ ತಾಯಂದಿರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅವರಲ್ಲಿ ಒಬ್ಬರ ದೊಡ್ಡ ಮಗಳ ಸಂಬಂಧವನ್ನು ಬಳಿ ಒಂದೇ ಎಂದು ನಾನೇ ತಪ್ಪಿಸಿದ್ದೆ. ಸದಾನಂದ ಕಾರಿನ ಟೈರು ನೋಡಲು ಹೋದ. ಹುಡುಗಿ ಇನ್ನೂ ಹತ್ತಿರ ಬಂದು, "ನನ್ನ ಹತ್ರವೂ ಅಂಥದ್ದೇ ಒಂದು ಜೋಡಿ ಉಂಟು. ನನಗೆ ಧೈರ್ಯ ಬರುದಿಲ್ಲ. ಪಾಸ್‌ವರ್ಡ್ ಕೊಡ್ತೇನೆ, ನೀವು ಮಾಡಿ ಕೊಡ್ತೀರಾ?" ಎಂದಳು. "ಮಾಡಿ ಕೊಡ್ತಾರೆ. ನಮ್ಮ ಅಜ್ಜಿಗೆ ಹಾಗೆಲ್ಲ ಇಲ್ಲ, ಶಿ ಈಸ್ ವೆರಿ ಮಾಡರ್ನ್," ಎಂದು ಕೋರಿರೊಟ್ಟಿಯ ಡಬ್ಬಿ ಎಲ್ಲರಿಗೂ ಹಂಚುತ್ತಾ ಮನಸ್ವಿ ಹೆಮ್ಮೆಯಿಂದ ಹೇಳಿದಳು.

ಛೆ, ನಾನು ಅಂಥವಳಲ್ಲ ಎಂದು ಅಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷ ಯಾವ ಸಂಬಂಧದ ಮಾತಿಗೂ ತಾಯಿ ಯಾರೆಂದು ಬಿಟ್ಟು ಬೇರೆ ಕೇಳಿ ಗೊತ್ತಿಲ್ಲದ ಆ ಬಾಯಿ, ಜಗಲಿಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ಅವುಗಳ ಅಪ್ಪನ ರೆಕ್ಕೆ ಯಾವ ಬಣ್ಣ ಮಗಾ?" ಎಂದು ಕೇಳಿತು.